ಗೋಡೆ ತುಂಬ ಎಲೆ, ಹೂ ಮಾತ್ರ ಇಲ್ಲ: ಎಳೆ ವಿಸ್ಟೀರಿಯಾದಲ್ಲಿ ದೋಷ ಹುಡುಕುವ ಬಗೆ

ಮೇ ತಿಂಗಳು ಬಂದರೆ ಇಂಗ್ಲೆಂಡಿನ ಬೀದಿಗಳಲ್ಲಿ ಯಾರದೋ ಮನೆಯ ಇಟ್ಟಿಗೆ ಗೋಡೆ ತುಂಬ ವಿಸ್ಟೀರಿಯಾ ಬಳ್ಳಿಯ ನೇರಳೆ ಗೊಂಚಲು ಇಳಿಬಿದ್ದಿರುತ್ತದೆ. ನಮ್ಮ ಹಿತ್ತಲ ಬಳ್ಳಿಯಲ್ಲಿ ಮಾತ್ರ ಎಲೆ, ಎಲೆ, ಮತ್ತೆ ಎಲೆ. ಆಗ ಹೆಚ್ಚಿನವರು ಮಾಡುವ ಕೆಲಸ ಎರಡು. ಒಂದೋ ಗೊಬ್ಬರ ಸುರಿಯುತ್ತಾರೆ, ಇಲ್ಲಾ ಕತ್ತರಿ ಹಿಡಿದು ಸಿಕ್ಕಸಿಕ್ಕಲ್ಲಿ ಸವರುತ್ತಾರೆ. ಎರಡರಿಂದಲೂ ಹೂ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ನನ್ನ ಲೆಕ್ಕದಲ್ಲಿ ಎಳೆ ವಿಸ್ಟೀರಿಯಾದ ಬಹುಪಾಲು ತೊಂದರೆ ಮಣ್ಣಿನಲ್ಲಿ ಇರುವುದಿಲ್ಲ, ಕಡ್ಡಿಯಲ್ಲಿ ಇರುತ್ತದೆ. ಯಾವ ಕಡ್ಡಿ ಚೌಕಟ್ಟಿಗೆ, ಯಾವ ಕಡ್ಡಿ ಹೂವಿಗೆ ಅನ್ನುವುದು ಗೊತ್ತಾಗದೆ ಎಲ್ಲವನ್ನೂ ಒಂದೇ ರೀತಿ ಕತ್ತರಿಸುತ್ತೇವೆ. ಆದ್ದರಿಂದ ಮೊದಲು ನೋಡುವುದು, ಆಮೇಲೆ ಕತ್ತರಿ.

ಕತ್ತರಿ ಎತ್ತುವ ಮೊದಲು

ಗಿಡದ ಬುಡಕ್ಕೆ ಕೂತು ನೋಡಿ. ನರ್ಸರಿಯಲ್ಲಿ ಹೆಸರಿನ ಚೀಟಿ ಹಾಕಿ ಮಾರುವ ವಿಸ್ಟೀರಿಯಾ ಸಾಮಾನ್ಯವಾಗಿ ಕಸಿ ಗಿಡ. ಮಣ್ಣಿನಿಂದ ಸ್ವಲ್ಪ ಮೇಲೆ ಕಾಂಡ ಒಂದು ಕಡೆ ಸೊಟ್ಟಗೆ ತಿರುಗಿ, ಅಲ್ಲೊಂದು ಗಂಟು ಕಟ್ಟಿರುತ್ತದೆ. ಗಂಟಿನ ಕೆಳಗಿನ ತೊಗಟೆಗೂ ಮೇಲಿನ ತೊಗಟೆಗೂ ಒರಟಿನಲ್ಲಿ, ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಗಂಟು ಇದ್ದರೆ ಒಳ್ಳೆಯದು. ಕಸಿ ಗಿಡ ನೆಟ್ಟ 3ರಿಂದ 5 ವರ್ಷದಲ್ಲಿ ಹೂ ಬಿಡಲು ಶುರುಮಾಡುತ್ತದೆ. ಗಂಟೇ ಇಲ್ಲ, ಪಕ್ಕದ ಮನೆಯವರು ಬೀಜ ಹಾಕಿ ಎಬ್ಬಿಸಿ ಕೊಟ್ಟ ಗಿಡ ಅಂದರೆ ಕತೆ ಬೇರೆ. ಅದು 10-15 ವರ್ಷ ತೆಗೆದುಕೊಳ್ಳಬಹುದು, 20 ವರ್ಷ ಕಾಯಿಸಿದರೂ ಆಶ್ಚರ್ಯವಿಲ್ಲ. ಬಂದ ಹೂವೂ ಚೆನ್ನಾಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ನೆಟ್ಟು ಎರಡು ವರ್ಷ ಆಗಿದೆ, ಹೂ ಬಂದಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರೆ, ನಿಮ್ಮ ಗಿಡಕ್ಕೆ ಯಾವ ದೋಷವೂ ಇಲ್ಲ. ವಯಸ್ಸಾಗಿಲ್ಲ, ಅಷ್ಟೇ.

ಆಮೇಲೆ ಬಳ್ಳಿ ಯಾವ ಕಡೆ ಸುತ್ತುತ್ತದೆ ನೋಡಿ. ಗೂಟಕ್ಕೆ ಎದುರಾಗಿ ನಿಂತಾಗ ಬಳ್ಳಿ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತಿದ್ದರೆ ಅದು ಚೀನಾದ ವಿಸ್ಟೀರಿಯಾ, ಸೈನೆನ್ಸಿಸ್. ಬಲಗಡೆ ಕೆಳಗಿನಿಂದ ಎಡಗಡೆ ಮೇಲಕ್ಕೆ ಏರುತ್ತಿದ್ದರೆ ಜಪಾನಿನದು, ಫ್ಲೋರಿಬಂಡಾ. ಇದು ಸುಮ್ನೆ ತಿಳಿದುಕೊಳ್ಳುವ ವಿಷಯ ಅಲ್ಲ. ಚೀನಾದ್ದು ಎಲೆ ಬರುವ ಮೊದಲೇ ಹೆಚ್ಚುಕಮ್ಮಿ ಒಟ್ಟಿಗೆ ಅರಳುತ್ತದೆ, ಗೊಂಚಲು ಗಿಡ್ಡ, ಗೋಡೆಗೆ ಹೇಳಿ ಮಾಡಿಸಿದ್ದು. ಜಪಾನಿನದರಲ್ಲಿ ಎಲೆಯ ಜೊತೆಜೊತೆಗೆ ಗೊಂಚಲು ಬುಡದಿಂದ ತುದಿಗೆ ನಿಧಾನವಾಗಿ ಅರಳುತ್ತಾ ಹೋಗುತ್ತದೆ. ಅದರಲ್ಲೂ ಮಲ್ಟಿಜ್ಯೂಗಾ ಅನ್ನುವ ಉದ್ದ ಗೊಂಚಲಿನ ತಳಿ ಹೂವಿಗೆ ಬರಲು ತಡ ಮಾಡುತ್ತದೆ. ಅದರ ಗೊಂಚಲಿಗೆ ತೂಗಾಡಲು ಜಾಗ ಬೇಕು, ಹಾಗಾಗಿ ಚಪ್ಪರವೇ ಸರಿ. ಗಿಡ್ಡ ಗೋಡೆಗೆ ಅದನ್ನು ತಂದು ನೆಟ್ಟಿದ್ದರೆ ತಾಳ್ಮೆ ಜಾಸ್ತಿ ಬೇಕಾಗುತ್ತದೆ.

ಮೂರನೆಯದು ಮೊಗ್ಗು. ಇದಕ್ಕೆ ಜನವರಿ ಕೊನೆ, ಫೆಬ್ರವರಿ ಒಳ್ಳೆಯ ಸಮಯ. ಎಲೆ ಉದುರಿ ಕಡ್ಡಿ ಬೋಳಾಗಿರುತ್ತದೆ. ಹಳೆಯ ಕೊಂಬೆಯಿಂದ ಹೊರಟ ಗಿಡ್ಡ ಮೋಟುಗಳನ್ನು ಹತ್ತಿರದಿಂದ ನೋಡಿ. ಅವುಗಳ ಬುಡದಲ್ಲಿ ಎರಡು ಬಗೆಯ ಮೊಗ್ಗು ಇರುತ್ತವೆ. ಒಂದು ತೆಳ್ಳಗೆ, ಚೂಪಾಗಿ, ಕಡ್ಡಿಗೆ ಅಂಟಿಕೊಂಡಂತೆ ಇರುತ್ತದೆ. ಅದು ಎಲೆಯದು. ಇನ್ನೊಂದು ಉಬ್ಬಿಕೊಂಡು, ಕಡ್ಡಿಯಿಂದ ಹೊರಗೆ ಚಾಚಿಕೊಂಡು, ಮೇಲೆ ಕಂದು ಬಣ್ಣದ ಸಿಪ್ಪೆ ಹೊದ್ದು, ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿ ಸಿಗುತ್ತದೆ. ಅದೇ ಹೂಮೊಗ್ಗು. ಮಾರ್ಚ್ ಹೊತ್ತಿಗೆ ಎರಡಕ್ಕೂ ಇರುವ ವ್ಯತ್ಯಾಸ ದೂರದಿಂದಲೇ ಕಾಣುವಷ್ಟು ಆಗಿರುತ್ತದೆ. ಉಬ್ಬಿದ ಮೊಗ್ಗು ಒಂದೂ ಇಲ್ಲದಿದ್ದರೆ ಮೊಗ್ಗೇ ಕಟ್ಟಿಲ್ಲ ಅಂತ ಅರ್ಥ, ಕಾರಣ ಹೋದ ಬೇಸಿಗೆಯಲ್ಲಿದೆ. ಮೊಗ್ಗು ಇದ್ದೂ ಮೇ ತಿಂಗಳಲ್ಲಿ ಹೂ ಇಲ್ಲದಿದ್ದರೆ ಮಧ್ಯದಲ್ಲಿ ಏನೋ ಕಳೆದುಹೋಗಿದೆ, ಕಾರಣ ಹೆಚ್ಚಾಗಿ ಈ ವಸಂತದಲ್ಲಿದೆ. ಈ ಒಂದು ಪರೀಕ್ಷೆ ಮಾಡಿದರೆ ಅರ್ಧ ಕಾರಣಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು.

ಬಳ್ಳಿ ಜೋರಾಗಿದೆ, ಹೂಮೊಗ್ಗೇ ಕಟ್ಟುತ್ತಿಲ್ಲ

ಅತಿ ಹೆಚ್ಚು ಜನರಿಗೆ ಬರುವ ತೊಂದರೆ ಇದೇ. ಕಸಿ ಗಿಡ, ವಯಸ್ಸೂ ಆಗಿದೆ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಕತ್ತರಿಸುವ ಕಾಲದ ಮೇಲೆ.

ವಿಸ್ಟೀರಿಯಾಕ್ಕೆ ವರ್ಷಕ್ಕೆ ಎರಡು ಸಲ ಕತ್ತರಿ ಬೇಕು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ ಚಾಟ್ನಿ ಅನ್ನುತ್ತಾರೆ; ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು ಇರುತ್ತದೆ. ಮೊದಲನೆಯದು ಕಡ್ಡಿ ತಯಾರಿಸಲಿಕ್ಕೆ, ಎರಡನೆಯದು ಹಣ್ಣಿಗೆ. ಒಂದು ಮಾಡಿ ಇನ್ನೊಂದು ಬಿಟ್ಟರೆ ಬೆಳೆ ಕೈಕೊಡುತ್ತದೆ. ವಿಸ್ಟೀರಿಯಾದ ತಿಂಗಳು ಬೇರೆ, ಕತ್ತರಿಸುವ ಅಳತೆ ಬೇರೆ, ಆದರೆ ಎರಡು ಸಲ ಯಾಕೆ ಅನ್ನುವುದರ ಹಿಂದಿನ ಯೋಚನೆ ಅದೇ.

ಬೇಸಿಗೆಯ ಕತ್ತರಿ ಜುಲೈ ಅಥವಾ ಆಗಸ್ಟ್‌ನಲ್ಲಿ. ಹೂ ಮುಗಿದು ಎರಡು ತಿಂಗಳಾಗಿರುತ್ತದೆ, ಮೀಟರ್‌ಗಟ್ಟಲೆ ಹಸಿರು ಕುಡಿಗಳು ಗಾಳಿಯಲ್ಲಿ ತೂಗಾಡುತ್ತಾ ಕಿಟಕಿ, ಪೈಪು, ಪಕ್ಕದವರ ಬೇಲಿ, ಏನು ಸಿಕ್ಕರೂ ಹಿಡಿಯುತ್ತಿರುತ್ತವೆ. ಚೌಕಟ್ಟಿಗೆ ಬೇಕಾದ ಕುಡಿಗಳನ್ನು ಮೊದಲು ತಂತಿಗೆ ಕಟ್ಟಿ. ಉಳಿದ ಪ್ರತಿ ಕುಡಿಯನ್ನೂ ಬುಡದಿಂದ 5-6 ಎಲೆ ಎಣಿಸಿ, ಅದರ ಮುಂದೆ ಕತ್ತರಿಸಿ. ಸುಮಾರು 30 ಸೆಂಟಿಮೀಟರ್ ಉಳಿಯುತ್ತದೆ. ಬೆಳವಣಿಗೆಗೆ ಹೋಗುತ್ತಿದ್ದ ಶಕ್ತಿ ಇಲ್ಲಿ ತಡೆದು ನಿಲ್ಲುತ್ತದೆ, ಬಿಸಿಲು ಮೋಟಿನ ಬುಡಕ್ಕೆ ಬೀಳುತ್ತದೆ, ಮುಂದಿನ ವರ್ಷದ ಹೂಮೊಗ್ಗು ಅಲ್ಲಿ ಕಟ್ಟಲು ಶುರುವಾಗುತ್ತದೆ. ಕತ್ತರಿಸಿದ ತುದಿಯಿಂದ ಮತ್ತೆ ಚಿಗುರು ಬರುತ್ತದೆ, ಬರಲಿ. ತುಂಬಾ ಉದ್ದವಾದರೆ ಸೆಪ್ಟೆಂಬರ್‌ನಲ್ಲಿ ಅದನ್ನು ಒಂದೆರಡು ಎಲೆಗೆ ಚಿವುಟಿ.

ಚಳಿಗಾಲದ ಕತ್ತರಿ ಜನವರಿ, ಫೆಬ್ರವರಿಯಲ್ಲಿ. ಬೇಸಿಗೆಯಲ್ಲಿ ಮೊಟಕು ಮಾಡಿದ ಅದೇ ಕಡ್ಡಿಗಳನ್ನು ಈಗ ಎರಡು ಮೂರು ಮೊಗ್ಗಿಗೆ, ಅಂದರೆ 8-10 ಸೆಂಟಿಮೀಟರ್‌ಗೆ ಇಳಿಸಿ. ಎಲೆ ಇಲ್ಲದ್ದರಿಂದ ಎಲ್ಲಿ ಏನಿದೆ ಅಂತ ಚೆನ್ನಾಗಿ ಕಾಣುತ್ತದೆ. ಉಬ್ಬಿದ ಮೊಗ್ಗಿನ ಮೇಲೆ ಕತ್ತರಿ ಬೀಳದಂತೆ ನೋಡಿಕೊಂಡರೆ ಸಾಕು.

ದೋಷ ಎಲ್ಲಿ ಹುಟ್ಟುತ್ತದೆ ಅಂದರೆ, ಬೇಸಿಗೆಯಲ್ಲಿ ರಜೆ, ಊರಿಗೆ ಹೋಗುವುದು, ಮಕ್ಕಳು, ಹೀಗೆ ಜುಲೈ ಕತ್ತರಿ ತಪ್ಪಿಹೋಗುತ್ತದೆ. ಅದನ್ನು ಸರಿದೂಗಿಸಲು ಫೆಬ್ರವರಿಯಲ್ಲಿ ಎಲ್ಲವನ್ನೂ ಕಡಿದುಹಾಕುತ್ತೇವೆ. ಚಳಿಗಾಲದಲ್ಲಿ ಜೋರಾಗಿ ಕಡಿದರೆ ಗಿಡ ಕೊಡುವ ಉತ್ತರ ಒಂದೇ: ವಸಂತದಲ್ಲಿ ಇನ್ನೂ ಜೋರಾಗಿ ಕುಡಿ ಬಿಡುವುದು. ಮತ್ತೆ ಎಲೆ. ಮತ್ತೆ ಫೆಬ್ರವರಿಯಲ್ಲಿ ಕಡಿಯುವುದು. ಈ ಚಕ್ರ ಮುರಿಯಬೇಕಾದರೆ ಬೇಸಿಗೆಯ ಕತ್ತರಿಯಿಂದಲೇ ಆಗಬೇಕು. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಅಂದರೆ ನಾನು ಬೇಸಿಗೆಯದನ್ನೇ ಮಾಡುತ್ತೇನೆ.

ಇನ್ನೊಂದು ಬಗೆ ಇದೆ. ತೋಟದ ಕೆಲಸಕ್ಕೆ ಬಂದವರು ಹೆಡ್ಜ್ ಟ್ರಿಮ್ಮರ್ ಹಿಡಿದು ಬೇಲಿಯ ಜೊತೆ ಇದನ್ನೂ ನೀಟಾಗಿ ಸವರಿಬಿಡುತ್ತಾರೆ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲೋ ಮಾರ್ಚ್‌ನಲ್ಲೋ. ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ. ಹೂಮೊಗ್ಗು ಹೊತ್ತ ಮೋಟುಗಳೂ ಕಸದ ಚೀಲದಲ್ಲಿರುತ್ತವೆ.

ಮೆಲ್ಬರ್ನ್, ಸಿಡ್ನಿ ಕಡೆ ಇರುವವರು ಆರು ತಿಂಗಳು ಆಚೀಚೆ ಮಾಡಿಕೊಳ್ಳಿ. ಬೇಸಿಗೆಯ ಕತ್ತರಿ ಜನವರಿ-ಫೆಬ್ರವರಿ, ಚಳಿಗಾಲದ್ದು ಜುಲೈ-ಆಗಸ್ಟ್.

ಕತ್ತರಿ ಸರಿಯಾಗಿದೆ, ಆದರೂ ಮೊಗ್ಗಿಲ್ಲ ಅಂದರೆ ಬಿಸಿಲು ನೋಡಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಇಂಗ್ಲೆಂಡಿನಲ್ಲಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಗೋಡೆ ಒಳ್ಳೆಯದು. ಅಲ್ಲಿ ಉತ್ತರದ ಗೋಡೆಗೆ ನೆಟ್ಟಿದ್ದರೆ ಯಾವ ಕತ್ತರಿಯೂ ಉಪಯೋಗಕ್ಕೆ ಬರುವುದಿಲ್ಲ, ಗಿಡ ಎಳೆಯದಿರುವಾಗಲೇ ಚಳಿಗಾಲದಲ್ಲಿ ಜಾಗ ಬದಲಾಯಿಸಿ.

ಆಮೇಲೆ ಗೊಬ್ಬರ. ವಿಸ್ಟೀರಿಯಾ ನಮ್ಮ ಅವರೆ, ತೊಗರಿ, ಹೊಂಗೆಯ ಕುಟುಂಬಕ್ಕೇ ಸೇರಿದ ಗಿಡ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅದರ ಮೇಲೆ ನಾವೂ ಯೂರಿಯಾದಂಥ ಗೊಬ್ಬರ ಹಾಕಿದರೆ ಎಲೆ ಬಿಡದೆ ಇನ್ನೇನು ಬಿಡುತ್ತದೆ? ಎಷ್ಟೋ ಕಡೆ ವಿಸ್ಟೀರಿಯಾಕ್ಕೆ ಅಂತ ಯಾರೂ ಗೊಬ್ಬರ ಹಾಕಿರುವುದಿಲ್ಲ. ಪಕ್ಕದ ಹುಲ್ಲುಹಾಸಿಗೆ ಎರಚಿದ ಲಾನ್ ಫೀಡ್ ಬೇರಿಗೆ ಸಿಕ್ಕಿರುತ್ತದೆ. ಅದರಲ್ಲಿ ಸಾರಜನಕವೇ ಜಾಸ್ತಿ. ಗೋಡೆಯ ಹತ್ತಿರ ಒಂದೆರಡು ಮೀಟರ್ ಅಗಲ ಎರಚದೆ ಬಿಡಿ. ಮರಳು ಮಣ್ಣಾದರೆ ವಸಂತದ ಶುರುವಿನಲ್ಲಿ ಚದರ ಮೀಟರ್‌ಗೆ 20 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಶ್ ಸಾಕು.

ಮೊಗ್ಗು ಇತ್ತು, ಹೂ ಆಗಲಿಲ್ಲ

ಇಲ್ಲಿ ಕೆಳಗೆ ಬಿದ್ದಿರುವುದನ್ನು ನೋಡಬೇಕು. ಮೊಗ್ಗು ಕಡ್ಡಿಯಲ್ಲೇ ಕಪ್ಪಾಗಿ ಸುರುಟಿ ನೇತಾಡುತ್ತಿದ್ದರೆ ಏಪ್ರಿಲ್‌ನ ಹಿಮ ಹೊಡೆದಿದೆ. ಪೂರ್ವದ ಗೋಡೆಯಲ್ಲಿ ಇದು ಜಾಸ್ತಿ, ಯಾಕೆಂದರೆ ರಾತ್ರಿ ಹೆಪ್ಪುಗಟ್ಟಿದ ಮೊಗ್ಗಿಗೆ ಬೆಳಗಿನ ಬಿಸಿಲು ನೇರ ಬಿದ್ದು, ಒಮ್ಮೆಲೇ ಕರಗಿ ಒಳಗಿನದೆಲ್ಲ ಹಾಳಾಗುತ್ತದೆ. ಗಿಡ ಎಳೆಯದಿರುವಾಗ ಹಿಮದ ಮುನ್ಸೂಚನೆ ಇರುವ ರಾತ್ರಿ ತೆಳು ಫ್ಲೀಸ್ ಬಟ್ಟೆ ಹೊದಿಸಬಹುದು. ದೊಡ್ಡದಾದ ಮೇಲೆ ಅದೆಲ್ಲ ಆಗದ ಮಾತು.

ಗೋಡೆಯ ಬುಡದಲ್ಲಿ ಹರಿದ ಸಿಪ್ಪೆ, ಅರ್ಧ ಕಚ್ಚಿದ ಮೊಗ್ಗಿನ ಚೂರು ಬಿದ್ದಿದ್ದರೆ ಹಕ್ಕಿಗಳ ಕೆಲಸ. ಇಂಗ್ಲೆಂಡಿನ ದಪ್ಪ ಕಾಡುಪಾರಿವಾಳಗಳಿಗೂ ಗುಬ್ಬಚ್ಚಿಗಳಿಗೂ ಈ ಮೊಗ್ಗು ಅಂದರೆ ಇಷ್ಟ. ಮೊಗ್ಗು ಉಬ್ಬುವ ಹೊತ್ತಿಗೆ ಬಲೆ ಕಟ್ಟಿ, ಗೊಂಚಲು ಇಳಿಯುವಾಗ ತೆಗೆಯಿರಿ.

ಕಪ್ಪಾಗಿಲ್ಲ, ಹರಿದಿಲ್ಲ, ಸಣ್ಣದಾಗಿಯೇ ಒಣಗಿ ಕೈ ತಾಗಿದರೆ ಉದುರುತ್ತದೆ ಅಂದರೆ ಹೋದ ವರ್ಷದ ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ಕಮ್ಮಿಯಾಗಿರಬೇಕು. ಮೊಗ್ಗು ಕಟ್ಟುವ ಕಾಲ ಅದು. ಗೋಡೆಯ ಬುಡಕ್ಕೆ ಮಳೆ ಸರಿಯಾಗಿ ಬೀಳುವುದಿಲ್ಲ ಅನ್ನುವುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಊರೆಲ್ಲ ಒದ್ದೆಯಾಗಿದ್ದರೂ ಗೋಡೆಯಿಂದ ಒಂದಡಿ ಒಳಗೆ ಮಣ್ಣು ಪುಡಿಪುಡಿಯಾಗಿರುತ್ತದೆ, ಬೆರಳು ಹಾಕಿ ನೋಡಿ. ನೆಡುವಾಗಲೇ ಗೋಡೆಯಿಂದ 30-45 ಸೆಂಟಿಮೀಟರ್ ದೂರ ನೆಟ್ಟು, ಕಾಂಡವನ್ನು ಗೋಡೆಯ ಕಡೆಗೆ ವಾಲಿಸಬೇಕು ಅನ್ನುವುದು ಇದಕ್ಕೇ. ಈಗಾಗಲೇ ಹತ್ತಿರ ನೆಟ್ಟಿದ್ದರೆ ಬೇಸಿಗೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವ ಬದಲು ವಾರಕ್ಕೊಂದು ಸಲ ಬೇರಿಗೆ ಇಳಿಯುವಷ್ಟು ಸುರಿಯಿರಿ, ಮೇಲೆ ಒಣ ಎಲೆಯದೋ ತೊಗಟೆಯದೋ ಹೊದಿಕೆ ಹಾಕಿ.

ಹೂ ಮೇಲೆ ಮಾತ್ರ, ಕೆಳಗೆ ಬೋಳು ಕಾಂಡ

ಇದು ಕಟ್ಟುವಾಗ ಆದ ದೋಷ. ತುದಿಕುಡಿಯನ್ನು ನೆಟ್ಟಗೆ ಬಿಟ್ಟರೆ ಅದು ಸೀದಾ ಸೂರಿಗೆ ಹೋಗುತ್ತದೆ. ಬಳ್ಳಿಯ ತುದಿ ಕೆಳಗಿನ ಮೊಗ್ಗುಗಳನ್ನು ಮಲಗಿಸಿಯೇ ಇಡುತ್ತದೆ. ಆ ತುದಿಯನ್ನು ತೆಗೆದರೆ ಅಥವಾ ಕೊಂಬೆಯನ್ನು ಅಡ್ಡ ಮಲಗಿಸಿದರೆ ಉದ್ದಕ್ಕೂ ಇರುವ ಮೊಗ್ಗುಗಳು ಎಚ್ಚರವಾಗುತ್ತವೆ. ಹೂ ಬಿಡುವ ಮೋಟುಗಳು ಬರುವುದು ಹೀಗೆ ಅಡ್ಡ ಮಲಗಿಸಿದ ಕೊಂಬೆಗಳಲ್ಲೇ. ಗೋಡೆಯ ಮೇಲೆ ಬಳ್ಳಿ ಕಟ್ಟುವುದು ಅಂದರೆ ಮೇಲಕ್ಕೆ ಹತ್ತಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಹತ್ತುವುದನ್ನು ಅದು ತಾನಾಗಿಯೇ ಮಾಡುತ್ತದೆ, ನಮ್ಮ ಕೆಲಸ ಅಡ್ಡ ಮಲಗಿಸುವುದು.

ಅದಕ್ಕೆ ಮೊದಲು ತಂತಿ ಬೇಕು. ದಪ್ಪನೆಯ ಗ್ಯಾಲ್ವನೈಸ್ಡ್ ತಂತಿಯನ್ನು ಅಡ್ಡಡ್ಡ, ಒಂದರಿಂದ ಒಂದಕ್ಕೆ 45 ಸೆಂಟಿಮೀಟರ್ ಅಂತರದಲ್ಲಿ ಎಳೆಯಿರಿ. ಗೋಡೆಗೂ ತಂತಿಗೂ ನಡುವೆ 5 ಸೆಂಟಿಮೀಟರ್ ಆದರೂ ಸಂದು ಇರಬೇಕು, ಉದ್ದ ಕತ್ತಿನ ವೈನ್ ಐ (ತಂತಿ ತೂರಿಸಲು ತುದಿಯಲ್ಲಿ ಬಳೆ ಇರುವ ಮೊಳೆ) ಹಾಕಿದರೆ ಅದು ಸಿಗುತ್ತದೆ. ಮೊಳೆಗಳನ್ನು ಇಟ್ಟಿಗೆ ಸಂದಿನ ಹಳೆ ಗಾರೆಗೆ ಸುಮ್ನೆ ಬಡಿಯಬೇಡಿ, ಪ್ಲಗ್ ಹಾಕಿ ಇಟ್ಟಿಗೆಗೇ ಬಿಗಿಯಿರಿ. ಇದು ಮಲ್ಲಿಗೆ ಬಳ್ಳಿ ಅಲ್ಲ, ಹತ್ತು ವರ್ಷದಲ್ಲಿ ಕಾಂಡ ತೋಳಿನಷ್ಟು ದಪ್ಪವಾಗಬಹುದು. ಚೀನಾದಿಂದ ಮೊದಲ ವಿಸ್ಟೀರಿಯಾ ಇಂಗ್ಲೆಂಡಿಗೆ ಬಂದದ್ದು 1816ರಲ್ಲಿ. ಆ ಕಾಲದ್ದು ಅಂತ ಹೇಳುವ ಒಂದು ಬಳ್ಳಿ ಲಂಡನ್ನಿನ ಚಿಸಿಕ್‌ನ ಗ್ರಿಫಿನ್ ಬ್ರೂವರಿ ಗೋಡೆಯ ಮೇಲಿದೆ. ಅಷ್ಟು ಕಾಲ ಬಾಳುವ ಗಿಡಕ್ಕೆ ದಾರ, ಪ್ಲಾಸ್ಟಿಕ್ ಜಾಳಿಗೆ ಸಾಲುವುದಿಲ್ಲ ಅಲ್ವಾ.

ನೆಟ್ಟ ಕೂಡಲೇ ತುದಿಕುಡಿಯನ್ನು ನೆಲದಿಂದ 75-90 ಸೆಂಟಿಮೀಟರ್ ಎತ್ತರದ ಒಂದು ಗಟ್ಟಿ ಮೊಗ್ಗಿನ ಮೇಲೆ ಕತ್ತರಿಸಿ. ಹೊಸದಾಗಿ ತಂದ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ, ಆದರೂ ಹಾಕಿ. ಆ ಬೇಸಿಗೆಯಲ್ಲಿ ಮೇಲಿನ ಚಿಗುರನ್ನು ನೆಟ್ಟಗೆ ಕಟ್ಟಿ, ಎರಡು ಪಕ್ಕದ ಗಟ್ಟಿ ಕುಡಿಗಳನ್ನು 45 ಡಿಗ್ರಿ ವಾಲಿಸಿ ಕಟ್ಟಿ. ಒಮ್ಮೆಲೇ ಪೂರ್ತಿ ಮಲಗಿಸಿದರೆ ಅವುಗಳ ಬೆಳವಣಿಗೆ ನಿಂತುಬಿಡುತ್ತದೆ, ವಾಲಿಸಿದರೆ ಉದ್ದವಾಗುತ್ತಾ ಹೋಗುತ್ತವೆ. ಚಳಿಗಾಲ ಬಂದಾಗ ಅವನ್ನು ನಿಧಾನವಾಗಿ ಅಡ್ಡಕ್ಕೆ ಇಳಿಸಿ ತಂತಿಗೆ ಕಟ್ಟಿ, ತುದಿಯ ಮೂರನೇ ಒಂದು ಭಾಗ ಕತ್ತರಿಸಿ. ತುದಿಕುಡಿಯನ್ನು ಮೇಲಿನ ಅಡ್ಡಕೊಂಬೆಯಿಂದ ಮತ್ತೆ 75-90 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಗೋಡೆ ತುಂಬುವವರೆಗೆ ಪ್ರತಿ ವರ್ಷ ಇದೇ.

ಹೊತ್ತು ಮೀರಿದೆ, ಬೋಳು ಕಾಂಡ ಈಗಾಗಲೇ ಸೂರು ಮುಟ್ಟಿದೆ ಅನ್ನುವವರಿಗೂ ದಾರಿ ಇದೆ. ಚಳಿಗಾಲದಲ್ಲಿ ಎತ್ತರದ ಕಾಂಡವನ್ನು ಕೆಳಗಿನ ಎರಡನೇ ತಂತಿಯ ಮಟ್ಟಕ್ಕೆ ಕಡಿಯಿರಿ, ಆದರೆ ಕಸಿ ಗಂಟಿಗಿಂತ ಸಾಕಷ್ಟು ಮೇಲೆ. ವಸಂತದಲ್ಲಿ ಬರುವ ಚಿಗುರುಗಳಲ್ಲಿ ಮೂರನ್ನು ಆರಿಸಿ, ಉಳಿದವನ್ನು ತೆಗೆದು, ಮೇಲೆ ಹೇಳಿದಂತೆ ಶುರುಮಾಡಿ. ಒಂದೆರಡು ವರ್ಷ ಹೂ ಇರುವುದಿಲ್ಲ. ಎಳೆ ಗಿಡಕ್ಕೆ ಇದು ನಷ್ಟವೇ ಅಲ್ಲ. ಇಪ್ಪತ್ತು ವರ್ಷದ ಗಿಡಕ್ಕಾದರೆ ನಾನು ಈ ಸಲಹೆ ಕೊಡುವುದಿಲ್ಲ, ಒಂದೊಂದು ವರ್ಷ ಒಂದೊಂದು ಕಾಂಡ ಮಾಡುತ್ತೇನೆ.

ಕೊಂಬೆಯನ್ನು ತಂತಿಗೆ ಸುತ್ತಿಸಬೇಡಿ. ಅದು ಸುತ್ತಲು ನೋಡುತ್ತದೆ, ಬಿಡಿಸಿ ತಂತಿಯ ಮುಂದೆ ಇಟ್ಟು ಮೆತ್ತನೆಯ ದಾರದಿಂದ ಎಂಟರ ಆಕಾರದಲ್ಲಿ ಕಟ್ಟಿ. ಸುತ್ತಿದ ಕೊಂಬೆ ದಪ್ಪವಾದಾಗ ತಂತಿ ಅದರೊಳಗೆ ಕೊರೆದು ಹೋಗುತ್ತದೆ. ಒಂದು ಕೊಂಬೆ ಮಾತ್ರ ಸೊರಗಿದೆ, ಎಲೆ ಸಣ್ಣದಾಗಿದೆ ಅಂದರೆ ಮೊದಲು ಅದರ ಕಟ್ಟುಗಳನ್ನು ನೋಡಿ. ಹಸಿರು ಪ್ಲಾಸ್ಟಿಕ್ ಹೊದಿಕೆಯ ತಂತಿಯ ಕಟ್ಟು ತೊಗಟೆಯೊಳಗೆ ಹೂತು, ಎರಡೂ ಪಕ್ಕ ತೊಗಟೆ ಉಬ್ಬಿ ತುಟಿಯಂತೆ ಮುಚ್ಚಿಕೊಂಡಿರುತ್ತದೆ. ಹೊರಗಿನಿಂದ ಬರೀ ಒಂದು ಗೆರೆ ಕಾಣುತ್ತದೆ. ಇಕ್ಕಳದಿಂದ ಕತ್ತರಿಸಿ, ಸಲೀಸಾಗಿ ಬಂದಷ್ಟು ಎಳೆದು ತೆಗೆಯಿರಿ. ಬರದೇ ಹೋದ ಚೂರನ್ನು ಕೀಳಲು ಹೋಗಿ ತೊಗಟೆ ಹರಿಯಬೇಡಿ. ವರ್ಷಕ್ಕೊಂದು ಸಲ, ಚಳಿಗಾಲದ ಕತ್ತರಿಯ ಹೊತ್ತಿಗೇ, ಎಲ್ಲ ಕಟ್ಟು ಬಿಚ್ಚಿ ಸಡಿಲ ಮಾಡಿ ಕಟ್ಟುವುದು ಇದಕ್ಕೆ ಮದ್ದು.

ಮಳೆನೀರಿನ ಪೈಪಿನ ಹಿಂದೆ ನುಗ್ಗಿದ ಕುಡಿಯನ್ನು ಅದೇ ದಿನ ಎಳೆದುಹಾಕಿ. ಹೆಂಚಿನ ಕೆಳಗೆ ಹೋದದ್ದೂ ಅಷ್ಟೇ.

ಬುಡದಿಂದ ಬೇರೆ ಥರ ಚಿಗುರು

ಕಸಿ ಗಂಟಿನ ಕೆಳಗಿನಿಂದ ಅಥವಾ ಮಣ್ಣೊಳಗಿನಿಂದ ನೆಟ್ಟಗೆ ಬರುವ ಚಿಗುರು ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಬುಡಕ್ಕೆ ಬಳಸಿದ ಗಿಡದ್ದು, ನೀವು ದುಡ್ಡು ಕೊಟ್ಟು ತಂದ ತಳಿಯದಲ್ಲ. ಗುಲಾಬಿ ಕಸಿ ಗಿಡ ಸಾಕಿದವರಿಗೆ ಈ ಕಾಟ ಗೊತ್ತು. ಅನುಮಾನವಿದ್ದರೆ ಸುತ್ತುವ ದಿಕ್ಕು ನೋಡಿ. ಜಪಾನಿನ ತಳಿಯನ್ನು ಚೀನಾದ ಬೇರುಗಿಡಕ್ಕೆ ಕಸಿ ಮಾಡಿದ್ದರೆ ಮೇಲಿನ ಬಳ್ಳಿ ಒಂದು ಕಡೆ, ಬುಡಚಿಗುರು ಇನ್ನೊಂದು ಕಡೆ ಸುತ್ತುತ್ತಿರುತ್ತದೆ. ಎರಡೂ ಒಂದೇ ಕಡೆ ಸುತ್ತಿದರೆ ಇದರಿಂದ ಏನೂ ತೀರ್ಮಾನವಾಗದು, ಆಗ ಚಿಗುರು ಗಂಟಿನ ಕೆಳಗಿನಿಂದ ಬಂದಿದೆಯೇ ಅಂತ ಮಣ್ಣು ಸರಿಸಿ ನೋಡಬೇಕು. ಮಣ್ಣಿನ ಮಟ್ಟಕ್ಕೆ ಕತ್ತರಿಸಿದರೆ ಒಂದರ ಬದಲು ನಾಲ್ಕು ಬರುತ್ತದೆ. ಎಳೆಯದಿರುವಾಗಲೇ, ಹೊರಟ ಜಾಗದಿಂದಲೇ ಕಿತ್ತು ತೆಗೆಯಿರಿ. ಬಿಟ್ಟರೆ ಇದು ಮೇಲಿನ ಗಿಡವನ್ನೇ ತಿಂದುಹಾಕುತ್ತದೆ. ವರ್ಷಗಟ್ಟಲೆ ಹೂ ಬಾರದ ಎಷ್ಟೋ ಬಳ್ಳಿಗಳಲ್ಲಿ ಗೋಡೆ ತುಂಬ ಹಬ್ಬಿರುವುದು ಬೇರುಗಿಡವೇ ಆಗಿರುತ್ತದೆ, ಅಸಲಿ ತಳಿ ಯಾವಾಗಲೋ ಸತ್ತಿರುತ್ತದೆ.

ಎಲೆ ಹಳದಿ, ಅಂಟು, ಕಪ್ಪು ಮಸಿ

ನರ ಹಸಿರಾಗಿಯೇ ಇದ್ದು ನಡುವೆ ಹಳದಿಯಾಗಿದ್ದರೆ, ಅದರಲ್ಲೂ ಹೊಸ ಎಲೆಯಲ್ಲಿ, ಮಣ್ಣಿನಲ್ಲಿ ಸುಣ್ಣ ಜಾಸ್ತಿ. ಗೋಡೆ ಕಟ್ಟಿದವರು ಗಾರೆ, ಸಿಮೆಂಟು ಚೂರುಗಳನ್ನು ಬುಡದಲ್ಲೇ ಹೂತು ಹೋಗಿರುತ್ತಾರೆ. ಅಗೆದು ತೆಗೆಯಿರಿ, ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಕೊಡಿ. ಹಳೆ ಎಲೆ, ಹೊಸ ಎಲೆ ಎಲ್ಲ ಒಟ್ಟಿಗೆ ಮಂಕಾಗಿ ಹಳದಿಯಾದರೆ ನೀರು ನಿಲ್ಲುತ್ತಿದೆಯಾ ನೋಡಿ.

ಎಲೆಯ ಮೇಲೆ ಅಂಟಂಟು, ಅದರ ಮೇಲೆ ಮಸಿ ಅಂದರೆ ಶಲ್ಕ ಕೀಟ. ಕಡ್ಡಿಯ ಮೇಲೆ ಕಂದು ಗುಳ್ಳೆಗಳ ಹಾಗೆ ಕೂತಿರುತ್ತದೆ. ವಿಸ್ಟೀರಿಯಾಕ್ಕೆ ಬರುವ ದೊಡ್ಡ ಜಾತಿಯೊಂದು 2001ರಲ್ಲಿ ಲಂಡನ್ನಿನಲ್ಲಿ ಕಾಣಿಸಿಕೊಂಡಿತು. ಗೋಡೆಯ ಮೇಲಿನ ಎಳೆ ಗಿಡವಾದ್ದರಿಂದ ಕೈಗೆ ಸಿಗುತ್ತದೆ, ಚಳಿಗಾಲದಲ್ಲಿ ಗಟ್ಟಿ ಬ್ರಷ್‌ನಿಂದ ಉಜ್ಜಿ ತೆಗೆಯಬಹುದು.

ಗಿಡ ಸತ್ತಿದೆಯಾ?

ಏಪ್ರಿಲ್ ಕೊನೆಯಾದರೂ ಚಿಗುರಿಲ್ಲ ಅಂತ ಕಿತ್ತು ಹಾಕಬೇಡಿ. ವಿಸ್ಟೀರಿಯಾ ತಡವಾಗಿ ಏಳುವ ಗಿಡ, ಹೊಸದಾಗಿ ನೆಟ್ಟದ್ದು ಜೂನ್‌ವರೆಗೂ ಸುಮ್ಮನಿರಬಹುದು. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ಹಸಿಯಾಗಿ ಇದ್ದರೆ ಜೀವ ಇದೆ. ಕಂದು, ಒಣಗಿದೆ ಅಂದರೆ ಇನ್ನೂ ಕೆಳಗೆ ಕೆರೆಯಿರಿ, ಹಸಿರು ಸಿಗುವ ಕಡೆಗೆ ಕತ್ತರಿಸಿ. ಗಂಟಿನ ಮೇಲೆ ಎಲ್ಲ ಒಣಗಿ ಕೆಳಗೆ ಮಾತ್ರ ಹಸಿರಿದ್ದರೆ ಕಸಿ ಬಿಟ್ಟುಹೋಗಿದೆ. ಚೆನ್ನಾಗಿದ್ದ ಗಿಡ ನಡುಬೇಸಿಗೆಯಲ್ಲಿ ಏಕಾಏಕಿ ಬಾಡಿ ಹೋಗುವುದಕ್ಕೂ ಇದು ಕಾರಣವಾಗುತ್ತದೆ. ಕೆಳಗಿನಿಂದ ಬರುವ ಚಿಗುರನ್ನು ಸಾಕಬೇಕೋ ಬೇಡವೋ ಅನ್ನುವುದು ನಿಮಗೆ ಬಿಟ್ಟದ್ದು, ನಾನಾದರೆ ಸಾಕುವುದಿಲ್ಲ.

ಬೇರಿನ ಹತ್ತಿರ ತೊಗಟೆ ಎಬ್ಬಿಸಿದಾಗ ಬಿಳಿ ಹಾಳೆಯಂಥ ಬೂಷ್ಟು ಕಂಡು, ಅಣಬೆಯ ವಾಸನೆ ಬಂದರೆ ಅದು ಹನಿ ಫಂಗಸ್ ಅನ್ನುವ, ಬೇರು ಕೊಳೆಸುವ ಶಿಲೀಂಧ್ರ. ಅದಕ್ಕೆ ಮದ್ದಿಲ್ಲ. ಬೇರು ಸಮೇತ ತೆಗೆದು ಸುಟ್ಟುಬಿಡಿ, ಅದೇ ಗುಂಡಿಗೆ ಮತ್ತೆ ವಿಸ್ಟೀರಿಯಾ ನೆಡಬೇಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಂದು ಮಾತು. ಹೂ ಮುಗಿದ ಮೇಲೆ ಬರುವ ಮೆತ್ತನೆಯ ಹಸಿರು ಕಾಯಿ ಅವರೆಯ ನೆಂಟನೇ ಆದರೂ ವಿಷ, ಬೀಜ ಇನ್ನೂ ವಿಷ. ಬಾಡಿದ ಗೊಂಚಲನ್ನು ಆಗಲೇ ಕತ್ತರಿಸಿದರೆ ಕಾಯಿಯೂ ಇಲ್ಲ, ಎಳೆ ಗಿಡದ ಶಕ್ತಿಯೂ ಉಳಿಯುತ್ತದೆ.

ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಕಳಿಸುವವರು ಸ್ವಲ್ಪ ತಡೆಯಿರಿ. ಅಲ್ಲಿ ಕಾಂಪೌಂಡ್ ಮೇಲೆ ನೇರಳೆ ಗೊಂಚಲು ಬಿಡುವುದು ಬಹುಪಾಲು ಪೆಟ್ರಿಯಾ. ಎಲೆ ಮುಟ್ಟಿದರೆ ಮರಳುಕಾಗದದ ಹಾಗೆ ಒರಟು, ಕುಟುಂಬವೇ ಬೇರೆ. ಅದನ್ನು ಹೂ ಮುಗಿದ ಕೂಡಲೇ ಒಂದು ಸಲ ಸವರಿದರೆ ಸಾಕು. ಚಳಿಗಾಲದ ನಿದ್ದೆ ಇಲ್ಲದ ಊರಿನಲ್ಲಿ ವಿಸ್ಟೀರಿಯಾ ಸರಿಯಾಗಿ ಹೂ ಬಿಡುವುದಿಲ್ಲ, ಆಸೆ ಇರುವವರು ಊಟಿ, ಕೊಡೈಕೆನಾಲ್‌ನಂಥ ತಂಪು ಜಾಗ ನೋಡಿಕೊಳ್ಳಬೇಕು.

ಹೊಸ ಗಿಡ ತರಬೇಕಾಗಿ ಬಂದರೆ ಮೇ ತಿಂಗಳಲ್ಲೇ ಹೋಗಿ, ಕುಂಡದಲ್ಲಿ ಹೂ ಬಿಟ್ಟಿರುವ ಗಿಡವನ್ನೇ ಆರಿಸಿ. ಬೆಲೆ ಸ್ವಲ್ಪ ಜಾಸ್ತಿ. ಕಸಿ ಗಂಟು ಬೆರಳಿಗೆ ಸಿಗುತ್ತದಾ ಮುಟ್ಟಿ ನೋಡಿ, ಗಂಟಿನ ಕೆಳಗೆ ಚಿಗುರಿದ್ದರೆ ಪಕ್ಕದ ಕುಂಡ ತೆಗೆದುಕೊಳ್ಳಿ.